ಆರ್.ಎ.ಬಿ. ಯಾರು? ನಾವು ಹುಡುಕಿದ ರೀತಿ

ಮೊದಲೇ ಹೇಳಿಬಿಡುತ್ತೇನೆ. ಹ್ಯಾರಿ ಪಾಟರ್ ಸರಣಿಯನ್ನು ಇನ್ನೂ ಓದಿಲ್ಲ, ಮುಂದೆ ಓದುವ ಆಸೆ ಇದೆ ಅನ್ನುವವರು ಇಲ್ಲಿಗೇ ನಿಲ್ಲಿಸಿ. ಕೊನೆಯ ಎರಡು ಪುಸ್ತಕಗಳ ಗುಟ್ಟು ಇದರಲ್ಲಿ ಪೂರ್ತಿ ಬಯಲಾಗುತ್ತದೆ. ಬರೀ ಸಿನಿಮಾ ನೋಡಿದವರು ಧಾರಾಳವಾಗಿ ಓದಬಹುದು. ನಾನು ಹೇಳಲು ಹೊರಟ ವಿಷಯವನ್ನು ಸಿನಿಮಾದಲ್ಲಿ ಎಷ್ಟು ಬೇಗ ಮುಗಿಸಿದ್ದಾರೆ ಅಂದರೆ, ಅದೊಂದು ಒಗಟು ಅಂತಲೇ ಗೊತ್ತಾಗುವುದಿಲ್ಲ.

ಆರನೇ ಪುಸ್ತಕ ಬಂದದ್ದು 2005ರ ಜುಲೈ 16ರಂದು. ಏಳನೆಯದು 2007ರ ಜುಲೈ 21ಕ್ಕೆ. ನಡುವಿನ ಈ ಕಾಲದಲ್ಲಿ ಓದುಗರನ್ನು ಕಾಡಿದ ದೊಡ್ಡ ಪ್ರಶ್ನೆಗಳು ಎರಡು. ಹ್ಯಾರಿಯ ಶಾಲೆಯ ಮೇಷ್ಟ್ರು ಸ್ನೇಪ್ ಒಳ್ಳೆಯವನಾ ಕೆಟ್ಟವನಾ ಅನ್ನೋದು ಒಂದು. ಆರ್.ಎ.ಬಿ. ಅಂದರೆ ಯಾರು ಅನ್ನೋದು ಇನ್ನೊಂದು. ಸ್ನೇಪ್ ವಿಷಯದಲ್ಲಿ ಜಗಳ ಜಾಸ್ತಿ, ಸಾಕ್ಷಿ ಕಡಿಮೆ. ಅವನನ್ನು ಕಂಡರೆ ಇಷ್ಟ ಇದ್ದವರು ಒಂದು ಕಡೆ, ಇಲ್ಲದವರು ಇನ್ನೊಂದು ಕಡೆ, ಅಷ್ಟೆ. ಆರ್.ಎ.ಬಿ. ಹಾಗಲ್ಲ. ಅಲ್ಲಿ ನಿಜವಾಗಿ ಹುಡುಕುವುದಕ್ಕೆ ಏನೋ ಇತ್ತು.

ಕತೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ವೋಲ್ಡೆಮಾರ್ಟ್ ಸಾವನ್ನು ತಪ್ಪಿಸಿಕೊಳ್ಳಲು ತನ್ನ ಪ್ರಾಣವನ್ನು ತುಂಡು ಮಾಡಿ ಒಂದೊಂದು ವಸ್ತುವಿನಲ್ಲಿ ಬಚ್ಚಿಟ್ಟಿದ್ದಾನೆ. ನಮ್ಮ ಅಜ್ಜಿ ಕತೆಗಳಲ್ಲಿ ರಾಕ್ಷಸನ ಜೀವ ಏಳು ಸಮುದ್ರದಾಚೆ ಗಿಳಿಯೊಳಗೆ ಇರುತ್ತದಲ್ಲ, ಅದೇ ಲೆಕ್ಕ. ಇಲ್ಲಿ ಅದಕ್ಕೆ ಹಾರ್ಕ್ರಕ್ಸ್ ಅನ್ನುತ್ತಾರೆ. ಅಂಥದ್ದೊಂದು ಲಾಕೆಟ್ ಸಮುದ್ರದ ದಡದ ಗುಹೆಯಲ್ಲಿದೆ ಅಂತ ಶಾಲೆಯ ಹೆಡ್ಮಾಸ್ಟರ್ ಡಂಬಲ್‌ಡೋರ್ ಮತ್ತು ಹ್ಯಾರಿ ಹೋಗಿ ತರುತ್ತಾರೆ. ಅದನ್ನು ತಂದ ರಾತ್ರಿಯೇ ಡಂಬಲ್‌ಡೋರ್ ಸಾಯುತ್ತಾರೆ. ಆಮೇಲೆ ನೋಡಿದರೆ ಲಾಕೆಟ್ಟೇ ನಕಲಿ. ಒಳಗೆ ಮಡಚಿದ ಒಂದು ಚೀಟಿ. ಅಸಲಿಯನ್ನು ನಾನು ಕದ್ದಿದ್ದೇನೆ, ಆದಷ್ಟು ಬೇಗ ನಾಶ ಮಾಡುತ್ತೇನೆ, ನೀನಿದನ್ನು ಓದುವಷ್ಟರಲ್ಲಿ ನಾನು ಸತ್ತು ಎಷ್ಟೋ ದಿನವಾಗಿರುತ್ತದೆ ಅನ್ನುವ ಅರ್ಥದ ನಾಲ್ಕು ಮಾತು. ಕೆಳಗೆ ಸಹಿ, ಆರ್.ಎ.ಬಿ. ಪುಸ್ತಕ ಮುಗಿಯಲು ಇನ್ನು ಎರಡೇ ಅಧ್ಯಾಯ.

ಆಗ ನಾನು ಮೈಸೂರಿನಲ್ಲಿ ಡಿಗ್ರಿ ಓದುತ್ತಿದ್ದೆ. ನಮ್ಮ ಗುಂಪಿಗೆಲ್ಲ ಒಂದೇ ಪ್ರತಿ, ಅದು ಕೈಯಿಂದ ಕೈಗೆ ಓಡಾಡಿ ರಟ್ಟು ಬಿಟ್ಟುಹೋಗಿತ್ತು. ಜೊತೆಗೆ ನನ್ನ ಚಿಕ್ಕಪ್ಪನ ಮಗ, ಆಗ ಹೈಸ್ಕೂಲು. ಎಲ್ಲರಿಗಿಂತ ಚೆನ್ನಾಗಿ ಪುಸ್ತಕ ನೆನಪಿಟ್ಟುಕೊಂಡಿದ್ದವನು ಅವನೇ. ಸಂಜೆ ಸೈಬರ್ ಕೆಫೆಗೆ ಹೋಗಿ ಬೇರೆ ದೇಶದವರು ಏನು ಹೇಳುತ್ತಿದ್ದಾರೆ ಅಂತ ಓದುವುದು, ಬಂದು ಕಾಫಿ ಕುಡಿಯುತ್ತಾ ವಾದ ಮಾಡುವುದು, ಇದೇ ಕೆಲಸ. ಪರೀಕ್ಷೆ ಹತ್ತಿರ ಬಂದಾಗಲೂ ಬಿಟ್ಟಿರಲಿಲ್ಲ.

ಶುರುವಿನಲ್ಲಿ ಎಲ್ಲರೂ ಮಾಡಿದ್ದು ಒಂದೇ. ಬಿ ಅಕ್ಷರದಿಂದ ಶುರುವಾಗುವ ಮನೆತನದ ಹೆಸರು ಹುಡುಕುವುದು. ಬ್ಲ್ಯಾಕ್, ಬೋನ್ಸ್, ಬರ್ಕ್, ಬೋರ್ಗಿನ್, ಬ್ಯಾಗ್‌ಮನ್. ಹ್ಯಾರಿಯ ಗೆಳತಿ ಹರ್ಮಾಯನಿ ಕೂಡ ಪುಸ್ತಕದಲ್ಲಿ ಅದನ್ನೇ ಮಾಡುತ್ತಾಳೆ, ಲೈಬ್ರರಿಯಲ್ಲಿ ಕೂತು ಆ ಮೂರಕ್ಷರದ ಇಬ್ಬರನ್ನು ಹುಡುಕಿ ತರುತ್ತಾಳೆ. ರೋಸಲಿಂಡ್ ಆಂಟಿಗನಿ ಬಂಗ್ಸ್ ಅಂತ ಒಬ್ಬಳು, ರೂಪರ್ಟ್ ಬ್ರೂಕ್‌ಸ್ಟಾಂಟನ್ ಅಂತ ಒಬ್ಬ. ಇಬ್ಬರಿಗೂ ವೋಲ್ಡೆಮಾರ್ಟ್‌ಗೂ ಏನೂ ಸಂಬಂಧ ಸಿಗಲಿಲ್ಲ ಅಂತ ಅವಳೇ ಕೈಬಿಡುತ್ತಾಳೆ. ಆ ಜಾಗ ನನಗೆ ತುಂಬಾ ಇಷ್ಟ. ಬರೀ ಅಕ್ಷರ ಹೊಂದಿಸಿದರೆ ಆಗಲ್ಲ ಕಣ್ರೀ ಅಂತ ಲೇಖಕಿ ನಮಗೇ ಹೇಳಿದ ಹಾಗಿದೆ.

ಆದ್ದರಿಂದ ನಾನು ಹೆಸರಿನ ಪಟ್ಟಿ ಪಕ್ಕಕ್ಕಿಟ್ಟು ಮೊದಲು ಚೀಟಿಯನ್ನೇ ಓದಿದೆ. ಒಂದು ನೋಟ್‌ಬುಕ್ಕಿನಲ್ಲಿ ಚೀಟಿಯ ಒಂದೊಂದು ಸಾಲು ಬರೆದುಕೊಂಡು, ಇದನ್ನು ಬರೆಯಬೇಕಾದರೆ ಆ ಮನುಷ್ಯ ಎಂಥವನಾಗಿರಬೇಕು ಅಂತ ಪಕ್ಕದಲ್ಲಿ ಗುರುತು ಹಾಕುತ್ತಾ ಹೋದೆ. ನಮ್ಮ ಗುಂಪಿಗೆ ಒಂದು ಕಟ್ಟುಪಾಡೂ ಮಾಡಿದೆವು. ಯಾರೇ ಏನೇ ಹೇಳಲಿ, ಪುಸ್ತಕ ತೆರೆದು ಪುಟ ತೋರಿಸಬೇಕು. ನನಗೆ ಹಾಗನ್ನಿಸುತ್ತದೆ ಅಂದರೆ ಆ ಮಾತು ಲೆಕ್ಕಕ್ಕಿಲ್ಲ. ಇದು ಕೇಳುವುದಕ್ಕೆ ಸುಲಭ. ಐದನೇ ಪುಸ್ತಕದ ಬ್ರಿಟಿಷ್ ಪ್ರತಿಯೇ 766 ಪುಟ, ಅದರಲ್ಲಿ ಒಂದು ಸಾಲು ಹುಡುಕುವುದು ಅಂದರೆ ಏನು ಅಂತ ಮಾಡಿದವರಿಗೇ ಗೊತ್ತು.

ಚೀಟಿಯಲ್ಲಿ ಮೊದಲ ಸುಳಿವು ಅದರ ಸಂಬೋಧನೆ. ವೋಲ್ಡೆಮಾರ್ಟ್‌ನನ್ನು ‘ಡಾರ್ಕ್ ಲಾರ್ಡ್’ ಅಂತ ಕರೆದಿದ್ದಾರೆ. ಸಾಮಾನ್ಯ ಜನ ಅವನ ಹೆಸರನ್ನೇ ಹೇಳುವುದಿಲ್ಲ, ಡಂಬಲ್‌ಡೋರ್ ಕಡೆಯವರಲ್ಲಿ ಕೆಲವರು ಹೆಸರು ಹಿಡಿದೇ ಕರೆಯುತ್ತಾರೆ. ಡಾರ್ಕ್ ಲಾರ್ಡ್ ಅನ್ನುವವರು ಅವನ ಹಿಂಬಾಲಕರಾದ ಡೆತ್ ಈಟರ್‌ಗಳು. ಐದನೇ ಪುಸ್ತಕದಲ್ಲಿ ಹ್ಯಾರಿಯೇ ಸ್ನೇಪ್‌ಗೆ ಈ ಪ್ರಶ್ನೆ ಹಾಕುತ್ತಾನೆ, ನೀವ್ಯಾಕೆ ಹಾಗೆ ಕರೆಯುತ್ತೀರಿ ಅಂತ. ಅಂದರೆ ಚೀಟಿ ಬರೆದವನು ಆ ಕಡೆಯವನು, ಅಥವಾ ಆ ಕಡೆ ಇದ್ದು ಬಂದವನು. ಇಷ್ಟು ಹಿಡಿದುಕೊಂಡರೆ ಪಟ್ಟಿಯಲ್ಲಿ ಅರ್ಧ ಜನ ಹೊರಗೆ ಹೋಗುತ್ತಾರೆ.

ಎರಡನೆಯದು, ಸಾಯುವುದು ಖಚಿತ ಅಂತ ಗೊತ್ತಿದ್ದು ಬರೆದಿದ್ದಾನೆ. ಸತ್ತು ಬಹಳ ಕಾಲವಾಗಿರಬೇಕು. ಮೂರನೆಯದು, ನಾಶ ಮಾಡಿದೆ ಅಂತ ಬರೆದಿಲ್ಲ, ಮಾಡುತ್ತೇನೆ ಅಂತ ಬರೆದಿದ್ದಾನೆ. ಇದನ್ನು ಬಹಳ ಜನ ಗಮನಿಸಲಿಲ್ಲ, ಆದರೆ ಮುಂದಿನ ಚರ್ಚೆಯೆಲ್ಲ ನಿಂತದ್ದು ಇದರ ಮೇಲೆಯೇ.

ಇದನ್ನಿಟ್ಟುಕೊಂಡು ಒಬ್ಬೊಬ್ಬರನ್ನೇ ತೂಗಿದೆವು. ಅಮೀಲಿಯಾ ಬೋನ್ಸ್ ಪರವಾಗಿ ನಮ್ಮಲ್ಲಿ ಒಬ್ಬಳು ಹಟ ಹಿಡಿದಿದ್ದಳು. ಆರನೇ ಪುಸ್ತಕದ ಶುರುವಿನಲ್ಲೇ ಅವಳ ಕೊಲೆ ಆಗುತ್ತದೆ, ವೋಲ್ಡೆಮಾರ್ಟ್ ತಾನೇ ಕೊಂದಿರಬಹುದು ಅನ್ನುವ ಮಾತೂ ಬರುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಐದನೇ ಪುಸ್ತಕದಲ್ಲಿ ಹ್ಯಾರಿಯ ವಿಚಾರಣೆ ನಡೆಯುವಾಗ ನ್ಯಾಯಾಧೀಶರ ಪೂರ್ತಿ ಹೆಸರು ಓದುತ್ತಾರೆ, ಅಮೀಲಿಯಾ ಸೂಸನ್ ಬೋನ್ಸ್. ಅಲ್ಲಿಗೆ ಮುಗಿಯಿತು. ನನ್ನ ತಮ್ಮ ಪುಟ ತೆರೆದು ತೋರಿಸಿದಾಗ ಅವಳು ಪುಸ್ತಕ ಕಿತ್ತುಕೊಂಡು ತಾನೇ ಇನ್ನೊಮ್ಮೆ ಓದಿದಳು. ಬರ್ಕ್ ಅನ್ನುವವರಿಗೆ ಲಾಕೆಟ್ ಹಿಂದೆ ಅವನ ಅಂಗಡಿಯಲ್ಲೇ ಇತ್ತು ಅನ್ನುವ ಬಲ ಇತ್ತು. ಆದರೆ ಅವನ ಹೆಸರು ಕ್ಯಾರಕ್ಟಕಸ್. ಜೊತೆಗೆ ಆಸಾಮಿ ಪಕ್ಕಾ ವ್ಯಾಪಾರಿ. ಹತ್ತು ಗ್ಯಾಲಿಯನ್‌ಗೆ ಆ ಲಾಕೆಟ್ ಹೊಡೆದುಕೊಂಡವನು ಅದಕ್ಕಾಗಿ ಪ್ರಾಣ ಕೊಡುತ್ತಾನಾ?

ಎಲ್ಲಕ್ಕಿಂತ ಜಾಣತನದ ಊಹೆ ಅಂದರೆ ರಬಾಸ್ಟನ್ ಲೆಸ್ಟ್ರೇಂಜ್. ಅವನ ಹೆಸರಿನ ಮೊದಲ ಮೂರು ಇಂಗ್ಲಿಷ್ ಅಕ್ಷರಗಳೇ ಆರ್, ಎ, ಬಿ. ಡೆತ್ ಈಟರ್ ಕೂಡ ಹೌದು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ ಅಂತ ಹೇಳಿದರೆ ನಗಬೇಡಿ. ಆದರೆ ಅವನು ಬದುಕಿದ್ದಾನೆ. ಐದನೇ ಪುಸ್ತಕದ ಕೊನೆಯ ಹೊಡೆದಾಟದಲ್ಲಿ ವೋಲ್ಡೆಮಾರ್ಟ್ ಪರವಾಗಿ ಓಡಾಡುತ್ತಿದ್ದಾನೆ. ಸಾಯಲು ಹೊರಟವನು ಬರೆದ ಚೀಟಿಗೆ ಅವನು ಹೊಂದುವುದಿಲ್ಲ.

ಕೊನೆಗೆ ಉಳಿದವನು ರೆಗ್ಯುಲಸ್ ಬ್ಲ್ಯಾಕ್. ಹ್ಯಾರಿಯ ಗಾಡ್‌ಫಾದರ್ ಸಿರಿಯಸ್‌ನ ತಮ್ಮ. ಕತೆಯಲ್ಲಿ ಒಮ್ಮೆಯೂ ಎದುರಿಗೆ ಬರದ ಪಾತ್ರ. ಐದನೇ ಪುಸ್ತಕದಲ್ಲಿ ಸಿರಿಯಸ್ ಗೋಡೆಯ ಮೇಲಿನ ವಂಶವೃಕ್ಷ ತೋರಿಸುತ್ತಾ ಅವನ ಬಗ್ಗೆ ಹೇಳುತ್ತಾನೆ. ಡೆತ್ ಈಟರ್ ಆದ, ಒಂದಷ್ಟು ದೂರ ಹೋದ ಮೇಲೆ ಹೆದರಿ ಹಿಂದೆ ಸರಿಯಲು ನೋಡಿದ, ಕೊಂದುಹಾಕಿದರು, ವೋಲ್ಡೆಮಾರ್ಟ್ ಕೈಯಾರೆ ಕೊಲ್ಲುವಷ್ಟು ದೊಡ್ಡವನೇನೂ ಅಲ್ಲ ಅಂತ. ಸತ್ತು ಹದಿನೈದು ವರ್ಷ ಆಗಿತ್ತು. ಆರನೇ ಪುಸ್ತಕದಲ್ಲಿ ಅವನ ಹೆಸರು ಮತ್ತೆ ಬರುತ್ತದೆ, ಅದೂ ಯಾರಿಗೂ ಅನುಮಾನ ಬಾರದ ಹಾಗೆ. ಸ್ಲಗ್‌ಹಾರ್ನ್ ಮೇಷ್ಟ್ರು, ಬ್ಲ್ಯಾಕ್ ಮನೆಯವರೆಲ್ಲ ಶಾಲೆಯಲ್ಲಿ ನನ್ನ ಹೌಸ್‌ನವರು, ಸಿರಿಯಸ್ ಒಬ್ಬ ತಪ್ಪಿಹೋದ, ತಮ್ಮ ಸಿಕ್ಕಿದ, ಇಬ್ಬರೂ ಸಿಕ್ಕಿದ್ದರೆ ಸೆಟ್ ಪೂರ್ತಿ ಆಗುತ್ತಿತ್ತು ಅಂತ ಪೇಚಾಡುತ್ತಾರೆ. ಇನ್ನೆರಡು ಅಧ್ಯಾಯ ದಾಟಿದರೆ ಸಿರಿಯಸ್‌ನ ಗೆಳೆಯ ಲುಪಿನ್, ಓಡಿಹೋದ ಡೆತ್ ಈಟರ್‌ಗಳ ಮಾತು ಬಂದಾಗ, ರೆಗ್ಯುಲಸ್ ಕೆಲವೇ ದಿನ ಬದುಕಿದ್ದ ಅನ್ನುತ್ತಾನೆ. ಸತ್ತು ಹದಿನೈದು ವರ್ಷವಾದ, ಕತೆಗೆ ಬೇಕಿಲ್ಲದ ಒಬ್ಬನ ಹೆಸರನ್ನು ಒಂದೇ ಪುಸ್ತಕದಲ್ಲಿ ಎರಡು ಸಲ ಯಾಕೆ ತೆಗೆಯಬೇಕು? ಓದುಗರು ಅವನನ್ನು ಮರೆಯಬಾರದು ಅಂತ ತಾನೆ?

ಇನ್ನೊಂದು ತಮಾಷೆ. 2004ರ ಮಾರ್ಚ್‌ನಲ್ಲಿ, ಅಂದರೆ ಆರನೇ ಪುಸ್ತಕಕ್ಕೂ ಮೊದಲು, ಓದುಗರೊಬ್ಬರು ರೆಗ್ಯುಲಸ್ ಬಗ್ಗೆ ಮುಂದೆ ಏನಾದರೂ ಬರುತ್ತದಾ ಅಂತ ಲೇಖಕಿ ರೌಲಿಂಗ್ ಅವರನ್ನೇ ಕೇಳಿದ್ದರು. ಅವನು ಸತ್ತಿದ್ದಾನಲ್ಲ, ಅದಕ್ಕೇ ಈಗ ಸುಮ್ಮನಿದ್ದಾನೆ ಅನ್ನುವ ಧಾಟಿಯಲ್ಲಿ ಉತ್ತರ ಕೊಟ್ಟರು. ಆಗ ಎಲ್ಲರೂ ನಕ್ಕು ಬಿಟ್ಟರು. ಆರನೇ ಪುಸ್ತಕ ಹೊರಬಂದ ದಿನವೇ ಎಡಿನ್‌ಬರೋದಲ್ಲಿ ಇಬ್ಬರು ಅಭಿಮಾನಿಗಳು ಅವರ ಸಂದರ್ಶನ ಮಾಡಿ, ಆರ್.ಎ.ಬಿ. ರೆಗ್ಯುಲಸ್ಸಾ ಅಂತ ನೇರವಾಗಿ ಕೇಳಿದರು. ಅದು ಒಳ್ಳೆಯ ಊಹೆಯೇ ಅಂತ ಅಂದರು. ಹೌದು ಅಂತ ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ.

ಇದನ್ನು ಸಾಕ್ಷಿ ಅಂತ ತೆಗೆದುಕೊಳ್ಳಬೇಕಾ ಅನ್ನುವುದೇ ಒಂದು ದೊಡ್ಡ ಜಗಳ. ನಾನು ಬೇಡ ಅನ್ನುವವರ ಕಡೆ. ಲೇಖಕಿಯನ್ನೇ ಕೇಳಿ ತಿಳಿದುಕೊಳ್ಳುವುದಾದರೆ ನಾವ್ಯಾಕೆ ಪುಸ್ತಕ ತಿರುವಿ ಹಾಕಬೇಕು? ಜೊತೆಗೆ ಅವರು ಹಾದಿ ತಪ್ಪಿಸಲು ಹಾಗೆ ಹೇಳಿರಲೂಬಹುದು. ಹಾಗಾಗಿ ನಮ್ಮ ನೋಟ್‌ಬುಕ್ಕಿನಲ್ಲಿ ಆ ಸಂದರ್ಶನಕ್ಕೆ ಜಾಗ ಕೊಡಲಿಲ್ಲ.

ಮುಂದಿನ ತಿಂಗಳುಗಳಲ್ಲಿ ಇನ್ನೊಂದು ದಾರಿಯಿಂದ ಸುದ್ದಿ ಬಂತು. ಯುರೋಪಿನ ಕೆಲವು ಭಾಷೆಗಳಲ್ಲಿ ಬ್ಲ್ಯಾಕ್ ಅನ್ನುವ ಮನೆತನದ ಹೆಸರನ್ನೇ ಅನುವಾದ ಮಾಡಿದ್ದರು. ಡಚ್ಚಿನಲ್ಲಿ ಸಿರಿಯಸ್ ಜ್ವಾರ್ಟ್ಸ್, ಫಿನ್ನಿಶ್‌ನಲ್ಲಿ ಸಿರಿಯಸ್ ಮುಸ್ತಾ. ಈಗ ಚೀಟಿಯ ಸಹಿಯನ್ನು ಅವರು ಹೇಗೆ ಬರೆಯಬೇಕು? ಡಚ್ ಪುಸ್ತಕದಲ್ಲಿ ಆರ್.ಎ.ಜೆಡ್., ಫಿನ್ನಿಶ್‌ನಲ್ಲಿ ಆರ್.ಎ.ಎಮ್. ಅಂತ ಬಂತು, ನಾರ್ವೆಯದರಲ್ಲಿ ಆರ್.ಎ.ಎಸ್. ಗುಟ್ಟು ಅಲ್ಲೇ ಒಡೆದುಹೋಯಿತು. ನಮ್ಮ ಗುಂಪಿನವರಿಗೆ ಇದು ಸಿಕ್ಕಾಗ ಖುಷಿಗಿಂತ ಪಿಚ್ಚೆನಿಸಿದ್ದೇ ಜಾಸ್ತಿ. ನಾವು ಪುಟ ಹುಡುಕಿ ಹುಡುಕಿ ತಲುಪಿದ ಜಾಗಕ್ಕೆ ಆಮ್‌ಸ್ಟರ್‌ಡಾಮ್‌ನ ಓದುಗ ಒಂದು ಅಕ್ಷರ ನೋಡಿ ತಲುಪಿಬಿಟ್ಟ.

ನಡುವಿನ ಎ ಮಾತ್ರ ಇನ್ನೂ ಬಾಕಿ ಇತ್ತು. ಇಲ್ಲಿ ನನಗೆ ಪಂಚಾಂಗ ಕೆಲಸಕ್ಕೆ ಬಂತು. ಬ್ಲ್ಯಾಕ್ ಮನೆಯಲ್ಲಿ ನಕ್ಷತ್ರದ ಹೆಸರಿಡುವ ರೂಢಿ. ಸಿರಿಯಸ್ ಅಂದರೆ ನಮ್ಮ ಲುಬ್ಧಕ, ರೆಗ್ಯುಲಸ್ ಅಂದರೆ ಮಖಾ ನಕ್ಷತ್ರ, ಸಿಂಹ ರಾಶಿಯಲ್ಲಿ ಎಲ್ಲಕ್ಕಿಂತ ಹೊಳೆಯುವುದು. ಹಾಗಾದರೆ ಎ ಅಕ್ಷರದ ನಕ್ಷತ್ರ ಯಾವುದು? ರೋಹಿಣಿ ಅಂದರೆ ಅಲ್ಡೆಬರಾನ್, ಜ್ಯೇಷ್ಠಾ ಅಂದರೆ ಆಂಟಾರೆಸ್, ಶ್ರವಣ ಅಂದರೆ ಆಲ್ಟೇರ್, ಸ್ವಾತಿ ಅಂದರೆ ಆರ್ಕ್ಟ್ಯೂರಸ್. ಹುಡುಕಿದರೆ ಎ ನಕ್ಷತ್ರಗಳೇ ಸಾಲು ಸಾಲು! ಪುಸ್ತಕದಲ್ಲಿ ಆಲ್ಫರ್ಡ್ ಅಂತ ಒಬ್ಬ ಮಾವ ಬರುತ್ತಾನಲ್ಲ, ಸಿರಿಯಸ್‌ಗೆ ದುಡ್ಡು ಬಿಟ್ಟುಹೋದವನು, ಅದೂ ನಕ್ಷತ್ರದ ಹೆಸರೇ. ನಮ್ಮಲ್ಲಿ ಬಹಳ ಜನ ಆಲ್ಫರ್ಡ್ ಕಡೆ ವಾಲಿದರು. ನಮ್ಮಜ್ಜಿ ಮಾತ್ರ, ಏನೋ ಇದು ಜಾತಕ ನೋಡ್ತಾ ಇದ್ದೀರಾ, ಯಾರಿಗೆ ಹೆಣ್ಣು ನೋಡ್ತಿದ್ದೀರಿ ಅಂತ ಕೇಳಿದ್ದರು.

ಹೆಸರು ಸಿಕ್ಕಿತು. ಬಹಳ ಜನ ಅಲ್ಲಿಗೇ ಚರ್ಚೆ ನಿಲ್ಲಿಸಿದರು. ನನ್ನ ಪ್ರಕಾರ ನಿಜವಾದ ಕೆಲಸ ಶುರುವಾಗುವುದೇ ಅಲ್ಲಿಂದ. ರೆಗ್ಯುಲಸ್ ಅಂತ ಒಪ್ಪಿದ ಮೇಲೆ ಎರಡು ಪ್ರಶ್ನೆ ಬರುತ್ತವೆ. ಲಾಕೆಟ್ ಕದ್ದದ್ದು ಹೇಗೆ? ಈಗ ಅದು ಎಲ್ಲಿದೆ? ಇವಕ್ಕೂ ಪುಸ್ತಕದಲ್ಲೇ ಉತ್ತರ ಸಿಕ್ಕರೆ ಹೆಸರು ಸರಿ ಅಂತ ನಂಬಬಹುದು. ಇಲ್ಲದಿದ್ದರೆ ಅದೂ ಮೂರಕ್ಷರದ ಹೊಂದಾಣಿಕೆಯೇ.

ಗುಹೆಯ ಅಧ್ಯಾಯವನ್ನು ಮತ್ತೆ ಓದಿದೆವು. ಕೆರೆ ದಾಟಲು ಒಂದು ಪುಟ್ಟ ದೋಣಿ. ಅದರಲ್ಲಿ ಒಬ್ಬ ಮಾಂತ್ರಿಕ ಮಾತ್ರ ಹೋಗಬಹುದು, ತೂಕ ಮುಖ್ಯವಲ್ಲ, ಎಷ್ಟು ಮಂತ್ರಶಕ್ತಿ ದಾಟುತ್ತಿದೆ ಅನ್ನುವುದು ಮುಖ್ಯ, ಹ್ಯಾರಿ ಇನ್ನೂ ಚಿಕ್ಕವನು ಆದ್ದರಿಂದ ಅವನು ಲೆಕ್ಕಕ್ಕೆ ಬರುವುದಿಲ್ಲ ಅಂತ ಡಂಬಲ್‌ಡೋರ್ ಹೇಳುತ್ತಾರೆ. ಲಾಕೆಟ್ ಮೇಲಿನ ಮದ್ದನ್ನು ಪೂರ್ತಿ ಕುಡಿದು ಖಾಲಿ ಮಾಡಬೇಕು, ಕುಡಿದವನಿಗೆ ಮೈಮೇಲೆ ಎಚ್ಚರ ಇರುವುದಿಲ್ಲ, ಇನ್ನೊಬ್ಬ ನಿಂತು ಬಲವಂತವಾಗಿ ಕುಡಿಸಬೇಕು. ಅಂದರೆ ರೆಗ್ಯುಲಸ್ ಒಬ್ಬನೇ ಹೋಗಿರಲಾರ. ಜೊತೆಗಿದ್ದವರು ದೋಣಿಯ ಲೆಕ್ಕಕ್ಕೆ ಬಾರದವರು. ಯಾರು?

ನನ್ನ ತಮ್ಮ ತಟ್ಟನೆ ಹೇಳಿದ, ಕ್ರೀಚರ್. ಬ್ಲ್ಯಾಕ್ ಮನೆಯ ಆಳು, ಮುದಿ ಹೌಸ್ ಎಲ್ಫ್. ವೋಲ್ಡೆಮಾರ್ಟ್‌ನಂಥವನು ಹೌಸ್ ಎಲ್ಫ್‌ಗಳನ್ನು ಮನುಷ್ಯರ ಸಾಲಿಗೇ ಸೇರಿಸುವುದಿಲ್ಲ. ಜೊತೆಗೆ, ಹ್ಯಾರಿಯ ಶಾಲೆ ಹಾಗ್‌ವರ್ಟ್ಸ್ ಒಳಗೆ ಮಾಂತ್ರಿಕರು ಯಾರೂ ಇದ್ದಕ್ಕಿದ್ದ ಹಾಗೆ ಮಾಯವಾಗಿ ಪ್ರತ್ಯಕ್ಷವಾಗಲು ಆಗದು ಅಂತ ಹರ್ಮಾಯನಿ ಸಾವಿರ ಸಲ ಹೇಳಿದ್ದಾಳೆ, ಆದರೆ ಆರನೇ ಪುಸ್ತಕದಲ್ಲಿ ಹ್ಯಾರಿ ಕರೆದ ತಕ್ಷಣ ಕ್ರೀಚರ್ ಅಲ್ಲಿ ಬಂದು ನಿಲ್ಲುತ್ತಾನೆ. ಅವರ ಮಾಯೆಗೆ ಬೇರೆ ಕಾನೂನು. ಆ ಜಾಗ ಓದುವಾಗ ನಗು ಬರುತ್ತದೆ, ಯಾಕಂದರೆ ಅವನೂ ಡಾಬಿ ಅನ್ನುವ ಇನ್ನೊಂದು ಎಲ್ಫೂ ಹೊಡೆದಾಡಿಕೊಳ್ಳುತ್ತಾ ಬರುತ್ತಾರೆ. ನಗುವಿನಲ್ಲಿ ನಿಯಮ ಕಾಣುವುದೇ ಇಲ್ಲ.

ಇನ್ನು ಲಾಕೆಟ್. ಐದನೇ ಪುಸ್ತಕದ ಆರನೇ ಅಧ್ಯಾಯದಲ್ಲಿ ಎಲ್ಲರೂ ಸೇರಿ ಬ್ಲ್ಯಾಕ್ ಮನೆಯ ಗಾಜಿನ ಕಪಾಟು ಸ್ವಚ್ಛ ಮಾಡುತ್ತಾರೆ. ಕಚ್ಚುವ ನಶ್ಯದ ಡಬ್ಬಿ, ಜೇಡದ ಹಾಗೆ ಕೈಮೇಲೆ ಹತ್ತುವ ಚಿಮಟ, ಕೇಳಿದವರಿಗೆ ನಿದ್ದೆ ಬರಿಸುವ ಸಂಗೀತದ ಪೆಟ್ಟಿಗೆ, ಹಳೆಯ ಮುದ್ರೆಗಳು. ಇವೆಲ್ಲದರ ನಡುವೆ, ಯಾರಿಂದಲೂ ತೆರೆಯಲಾಗದ ಒಂದು ಭಾರವಾದ ಲಾಕೆಟ್. ಅಷ್ಟೇ. ಇಂಗ್ಲಿಷಿನಲ್ಲಿ ಒಂದು ಸಾಲೂ ಪೂರ್ತಿ ಇಲ್ಲ, ಅರ್ಧ ಸಾಲು. 2003ರ ಜೂನ್‌ನಲ್ಲಿ ಬಂದ ಪುಸ್ತಕ ಅದು. ಹ್ಯಾರಿ ಕೈಯಲ್ಲಿ ಹಿಡಿದು ಪಕ್ಕಕ್ಕಿಟ್ಟ ವಸ್ತುವಿಗಾಗಿ ಮುಂದಿನ ಪುಸ್ತಕದಲ್ಲಿ ಡಂಬಲ್‌ಡೋರ್ ವಿಷ ಕುಡಿಯುತ್ತಾರೆ. ಇದನ್ನು ಮೊದಲು ಕಂಡುಹಿಡಿದವರು ನಾವಲ್ಲ, ಎಷ್ಟೋ ಓದುಗರು ಆಗಲೇ ಹೇಳಿದ್ದರು. ಆದರೂ ಪುಟ ತೆರೆದು ಕಣ್ಣಾರೆ ನೋಡಿದಾಗ ನಾನು ಎದ್ದು ಒಂದು ಸುತ್ತು ಓಡಾಡಿಕೊಂಡು ಬಂದೆ.

ಆ ಅರ್ಧ ಸಾಲು ಸಿಕ್ಕ ಮೇಲೆ ಸುಮ್ನೆ ಬಿದ್ದಿದ್ದ ಎಷ್ಟೋ ಸಂಗತಿಗಳಿಗೆ ಕೆಲಸ ಸಿಕ್ಕಿತು. ಎಸೆಯುವ ಸಾಮಾನನ್ನು ಕ್ರೀಚರ್ ಕದ್ದು ಬಚ್ಚಿಡುತ್ತಾನೆ, ಅಡುಗೆಮನೆಯಲ್ಲಿ ಬಾಯ್ಲರ್ ಕೆಳಗೆ ಅವನ ಗೂಡಿದೆ. ಆರನೇ ಪುಸ್ತಕದಲ್ಲಿ ಮಂಡಂಗಸ್ ಅನ್ನುವ ಕಳ್ಳ ಅದೇ ಮನೆಯ ಬೆಳ್ಳಿ ಸಾಮಾನು ಕದ್ದು ಹಾಗ್ಸ್‌ಮೀಡ್‌ನಲ್ಲಿ ಸಿಕ್ಕಿಬೀಳುತ್ತಾನೆ, ಆಗ ಅವನ ಜೊತೆ ಮಾತಾಡುತ್ತಾ ನಿಂತಿದ್ದವನು ಹಾಗ್ಸ್ ಹೆಡ್ ಹೆಂಡದಂಗಡಿಯವನು. ಅಲ್ಲಿಂದ ಮುಂದೆ ನಮ್ಮ ಗುಂಪು ಇಬ್ಭಾಗ. ಲಾಕೆಟ್ ಇನ್ನೂ ಕ್ರೀಚರ್ ಗೂಡಿನಲ್ಲಿದೆ ಅನ್ನುವವರು ಕೆಲವರು, ಹೆಂಡದಂಗಡಿಯವನ ಕೈಸೇರಿದೆ ಅನ್ನುವವರು ಕೆಲವರು. ನಾನು ಗೂಡಿನ ಕಡೆ. ಮಾತು ಬಿಡುವಷ್ಟು ಜಗಳ ಆಗಿದೆ ಇದರ ಮೇಲೆ.

ಏಳನೇ ಪುಸ್ತಕ ಕೈಗೆ ಬಂದ ಮೇಲೆ ಹತ್ತನೇ ಅಧ್ಯಾಯದಲ್ಲಿ ಹೆಚ್ಚಿನದಕ್ಕೆಲ್ಲ ಉತ್ತರ ಇತ್ತು. ರೂಮಿನ ಬಾಗಿಲ ಮೇಲೆ ಅನುಮತಿ ಇಲ್ಲದೆ ಒಳಗೆ ಬರಬೇಡಿ ಅನ್ನುವ ಫಲಕ, ಅದರಲ್ಲಿ ಪೂರ್ತಿ ಹೆಸರು, ರೆಗ್ಯುಲಸ್ ಆರ್ಕ್ಟ್ಯೂರಸ್ ಬ್ಲ್ಯಾಕ್. ಸ್ವಾತಿ ಗೆದ್ದಿತು. ಗೂಡು ಸರಿ, ಮಂಡಂಗಸ್ಸೂ ಸರಿ, ಅಲ್ಲಿಂದ ಇಲ್ಲಿಗೆ ಹೋಗಿತ್ತು. ಹೆಂಡದಂಗಡಿಯವನು ಕೊಂಡದ್ದು ಲಾಕೆಟ್ ಅಲ್ಲ, ಸಿರಿಯಸ್‌ನ ಕನ್ನಡಿ. ಲಾಕೆಟ್ ಕೊನೆಗೆ ಸಿಕ್ಕಿದ್ದು ಸರ್ಕಾರಿ ಅಧಿಕಾರಿ ಅಂಬ್ರಿಜ್ ಕತ್ತಿನಲ್ಲಿ. ಅದನ್ನು ಯಾರೂ ಊಹಿಸಿರಲಿಲ್ಲ, ಕನಿಷ್ಠ ನಮ್ಮಲ್ಲಿ ಯಾರೂ ಇಲ್ಲ.

ಗುಹೆಯ ವಿಷಯದಲ್ಲಿ ಮಾತ್ರ ಪುಸ್ತಕ ನಮ್ಮೆಲ್ಲರ ಲೆಕ್ಕವನ್ನೂ ಮೀರಿಸಿತು. ಕ್ರೀಚರ್ ಮದ್ದು ಕುಡಿದ, ರೆಗ್ಯುಲಸ್ ಲಾಕೆಟ್ ಎತ್ತಿಕೊಂಡ ಅಂತ ನಾವು ಅಂದುಕೊಂಡಿದ್ದೆವು. ಕ್ರೀಚರ್ ಕುಡಿದದ್ದು ನಿಜ, ಆದರೆ ಅದು ಮೊದಲ ಸಲ, ವೋಲ್ಡೆಮಾರ್ಟ್ ಅವನನ್ನು ಪ್ರಯೋಗಕ್ಕೆ ಕರೆದುಕೊಂಡು ಹೋಗಿ ಸಾಯಲು ಬಿಟ್ಟು ಬಂದಾಗ. ಮನೆಗೆ ವಾಪಸ್ ಬಾ ಅಂತ ರೆಗ್ಯುಲಸ್ ಹೇಳಿದ್ದರಿಂದ ಅವನು ಬಂದ. ಎರಡನೇ ಸಲ ಹೋದಾಗ ರೆಗ್ಯುಲಸ್ ತಾನೇ ಕುಡಿದ, ಲಾಕೆಟ್ ಬದಲಿಸಿ ಮನೆಗೆ ಹೋಗು ಅಂತ ಅವನನ್ನು ಕಳಿಸಿ ನೀರಿನೊಳಗೆ ಎಳೆಸಿಕೊಂಡು ಹೋದ. ತನ್ನ ಮನೆಯ ಆಳಿಗಾಗಿ. ಸಿರಿಯಸ್‌ಗೆ ತಮ್ಮನ ಬಗ್ಗೆ ಇದ್ಯಾವುದೂ ಗೊತ್ತಾಗಲೇ ಇಲ್ಲ, ಹೇಡಿ ಅಂದುಕೊಂಡೇ ಸತ್ತ. ಹೆಸರು ಮೊದಲೇ ಗೊತ್ತಿದ್ದರೂ ಈ ಅಧ್ಯಾಯ ನನಗೆ ಸಪ್ಪೆ ಅನ್ನಿಸಲಿಲ್ಲ.

ಈಗ ತಮ್ಮನ ಮಗಳು ಆರನೇ ಪುಸ್ತಕ ಓದುತ್ತಿದ್ದಾಳೆ. ಅವಳ ಕ್ಲಾಸಿನವರಿಗೆಲ್ಲ ಉತ್ತರ ಮೊದಲೇ ಗೊತ್ತು, ಇವಳೊಬ್ಬಳಿಗೆ ಗೊತ್ತಿಲ್ಲ, ಹೇಳಬೇಡಿ ದೊಡ್ಡಪ್ಪ ಅಂತ ಕಿವಿ ಮುಚ್ಚಿಕೊಳ್ಳುತ್ತಾಳೆ. ನಾನು ಹೇಳುವುದೂ ಇಲ್ಲ. ಐದನೇ ಪುಸ್ತಕ ಶೆಲ್ಫಿನಿಂದ ತೆಗೆಯಬೇಡ, ಬೇಕಾಗುತ್ತದೆ ಅಂತ ಮಾತ್ರ ಹೇಳಿದ್ದೇನೆ.

ನನಗೂ ಅವಳಪ್ಪನಿಗೂ ಒಂದು ಜಗಳ ಮಾತ್ರ ಇನ್ನೂ ಮುಗಿದಿಲ್ಲ. ಆ ಲಾಕೆಟ್ ಹಾರ್ಕ್ರಕ್ಸ್ ಅಂತ ರೆಗ್ಯುಲಸ್‌ಗೆ ತಿಳಿದದ್ದು ಹೇಗೆ? ಕ್ರೀಚರ್‌ಗೆ ಅದು ಏನು ಅಂತ ಗೊತ್ತಿರಲಿಲ್ಲ, ಪುಸ್ತಕವೂ ಬಿಡಿಸಿ ಹೇಳುವುದಿಲ್ಲ. ಸ್ಲಗ್‌ಹಾರ್ನ್ ಬಾಯಿಂದ ಬಂದಿರಬೇಕು ಅಂತ ತಮ್ಮನ ವಾದ, ಅವನ ಶಿಷ್ಯ ತಾನೆ ಅಂತ. ನಾನು ಒಪ್ಪುವುದಿಲ್ಲ. ವೋಲ್ಡೆಮಾರ್ಟ್‌ಗೆ ಒಮ್ಮೆ ಹೇಳಿ ಜೀವಮಾನವಿಡೀ ಹೆದರಿ ಕೂತ ಮನುಷ್ಯ ಇನ್ನೊಬ್ಬ ಹುಡುಗನ ಮುಂದೆ ಬಾಯಿ ಬಿಡುತ್ತಾನಾ? ನಾಲ್ಕನೇ ಪುಸ್ತಕದಲ್ಲಿ, ಸ್ಮಶಾನದಲ್ಲಿ, ಸಾವನ್ನು ತಡೆಯಲು ನಾನು ಏನೇನು ಮಾಡಿಕೊಂಡಿದ್ದೇನೆ ಅಂತ ನಿಮಗೆ ಗೊತ್ತಿತ್ತಲ್ಲ ಅಂತ ವೋಲ್ಡೆಮಾರ್ಟ್ ತನ್ನವರನ್ನೇ ಬೈಯುತ್ತಾನೆ. ಅಂದರೆ ಅವನೇ ಜಂಬ ಕೊಚ್ಚಿಕೊಂಡಿದ್ದಾನೆ. ಆ ಜಂಬ, ಕ್ರೀಚರ್ ಹೇಳಿದ ಗುಹೆಯ ಕತೆ, ಕೆಟ್ಟ ಮಾಟಮಂತ್ರ ಅರೆದು ಕುಡಿದ ಮನೆತನ, ಮೂರನ್ನೂ ಸೇರಿಸಿದರೆ ಸಾಕಲ್ವಾ? ಸಾಲದು ಅನ್ನುತ್ತಾನೆ ಅವನು. ಪುಟ ತೋರಿಸು ಅಂದರೆ ಇನ್ನೂ ತೋರಿಸಿಲ್ಲ.